ಪದಕ ನೋಡಿ ಕೋಚ್ ಆರಿಸಿಕೊಂಡವನ ಅನುಭವ

ನಲವತ್ತು ದಾಟಿದ ಮೇಲೆ ಹಾಫ್ ಮ್ಯಾರಥಾನಿನ ಹುಚ್ಚು ಹತ್ತಿದಾಗ, 21.1 ಕಿಲೋಮೀಟರ್ ದೂರವನ್ನು ಯಾರ ಮಾರ್ಗದರ್ಶನವೂ ಇಲ್ಲದೆ ಓಡಲು ಹೊರಡಬಾರದು ಎಂಬಷ್ಟು ವಿವೇಕ ನನಗಿತ್ತು. ಕೋಚ್ ಆರಿಸುವ ವಿವೇಕ ಮಾತ್ರ ಇರಲಿಲ್ಲ. ಬೇರೆ ಊರಿನ ತರಬೇತುದಾರರೊಬ್ಬರ ಕೊರಳ ತುಂಬ ಪದಕಗಳಿದ್ದ ಫೋಟೋ ಕಂಡು ಮೂರು ತಿಂಗಳ ಶುಲ್ಕವನ್ನು ಒಮ್ಮೆಲೇ ಕಟ್ಟಿಬಿಟ್ಟೆ. ಮರುದಿನವೇ ಮೊಬೈಲಿಗೆ ಹನ್ನೆರಡು ವಾರಗಳ ವೇಳಾಪಟ್ಟಿ ಬಂತು. ವಯಸ್ಸು, ತೂಕಗಳ ಹೊರತು ಅವರು ನನ್ನಲ್ಲಿ ಏನನ್ನೂ ಕೇಳಿರಲಿಲ್ಲ.

ಆಗ ಏಪ್ರಿಲ್ ಮುಗಿಯುತ್ತಿತ್ತು. ಬೆಳಿಗ್ಗೆ ಐದೂವರೆಗೆ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ನಾಲ್ಕೈದು ಸುತ್ತು ಮುಗಿಯುವಷ್ಟರಲ್ಲಿ ಬನಿಯನ್ ಹಿಂಡಿದರೆ ನೀರು ಸುರಿಯುತ್ತಿತ್ತು. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಅದು ಆರಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹಾಗೆಯೇ ಇಳಿದುಹೋಗುತ್ತದೆ, ಒಳಗಿನ ಶಾಖವನ್ನು ಹೊರಹಾಕಲು ದೇಹವು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸಬೇಕಾಗುತ್ತದೆ, ಹೀಗಾಗಿ ಅದೇ ವೇಗದಲ್ಲಿ ಓಡಿದರೂ ಹೃದಯದ ಬಡಿತ ಏರುತ್ತಲೇ ಹೋಗುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಬೆಳಗಿಗೆ ಹೊಂದುವ ವೇಗವನ್ನು ಉಡುಪಿಯ ಮೇ ತಿಂಗಳಲ್ಲಿ ಹಟ ಹಿಡಿದು ಸಾಧಿಸುವುದು ಅವಿವೇಕ. ನನ್ನ ಪಟ್ಟಿಯಲ್ಲಿದ್ದುದು ಅದೇ ಬಗೆಯ ವೇಗ. ಕಷ್ಟವಾಗುತ್ತಿದೆ ಎಂದು ಬರೆದಾಗ 'ಮನಸ್ಸು ಗಟ್ಟಿ ಮಾಡಿಕೊಳ್ಳಿ' ಎಂಬ ಉತ್ತರ ಬಂತು. ಮನಸ್ಸು ಗಟ್ಟಿಯಾಗಿಯೇ ಇತ್ತು. ಆರನೆಯ ವಾರದಲ್ಲಿ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗಿತು. ಫಿಸಿಯೋಥೆರಪಿಸ್ಟರು ಶಿನ್ ಸ್ಪ್ಲಿಂಟ್ ಎಂದು ಹೇಳಿ ಓಟ ನಿಲ್ಲಿಸಿದರು. ಕಟ್ಟಿದ ಹಣ ಹಿಂದೆ ಬರಲಿಲ್ಲ.

ಕೂತು ಓದಿದ್ದು ಆ ದಿನಗಳಲ್ಲಿ. ನ್ಯೂಜಿಲೆಂಡಿನ ಓಟದ ಕೋಚ್ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಒಲಿಂಪಿಕ್ ಪದಕ ಅವರಿಗೆ ಬಂದದ್ದಿಲ್ಲ. ಆದರೆ 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿಯೂ ಒಂದೇ ದಿನ ಚಿನ್ನ ಗೆದ್ದರು. ವರ್ಷಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿ, ಎಷ್ಟು ಓಡಿದರೆ ಏನಾಗುತ್ತದೆ ಎಂಬುದನ್ನು ಲಿಡಿಯಾರ್ಡ್ ಕಂಡುಕೊಂಡಿದ್ದರು. ಅದನ್ನು ಓದಿದ ಮೇಲೆ ಆ ಫೋಟೋದ ಪದಕಗಳ ನೆನಪಾಗಿ ನಾಚಿಕೆಯಾಯಿತು.

ಕೋಚ್ ಆದವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾದಂಥ ಅರ್ಹತೆ ಇದ್ದರೆ ಒಳ್ಳೆಯದೇ. ಆದರೂ ಅದು ಯಾವ ಕ್ರೀಡೆಯಲ್ಲಿ ಪಡೆದದ್ದು, ಅವರು ಇಷ್ಟು ವರ್ಷ ತಯಾರು ಮಾಡಿದ್ದು ಶಾಲೆಯ ಮಕ್ಕಳನ್ನೋ ನನ್ನಂಥ ನಡುವಯಸ್ಸಿನ ನೌಕರರನ್ನೋ ಎಂದು ವಿಚಾರಿಸಲು ಸಂಕೋಚ ಪಡಬಾರದು. ನೂರು ಮೀಟರಿನ ಓಟಗಾರರನ್ನು ಬೆಳೆಸಿದವರಿಗೆ ಎರಡು ಗಂಟೆಯ ಓಟ ಬೇರೆಯೇ ಲೋಕ.

ಈಗಿನ ಕೋಚ್ ನಮ್ಮ ಕಡೆಯ ನಿವೃತ್ತ ದೈಹಿಕ ಶಿಕ್ಷಕರು. ಮೊದಲ ದಿನ ನನ್ನನ್ನು ಓಡಿಸಲೇ ಇಲ್ಲ. ಹಳೆಯ ಶೂ ತರಿಸಿ, ತಿರುಗಿಸಿ, ಹಿಮ್ಮಡಿಯ ಹೊರಬದಿ ಸವೆದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. 'ರಾತ್ರಿ ನಿದ್ರೆ ಎಷ್ಟು ಗಂಟೆ ಮಾರಾಯ್ರೆ? ಆಫೀಸಿನಲ್ಲಿ ಕೂತು ಮಾಡುವ ಕೆಲಸವಾ, ತಿರುಗುವುದಾ? ಆಟ ನೋಡಲಿಕ್ಕೆ ಹೋಗುವುದುಂಟಾ?' ಎಂದು ಕೇಳುತ್ತ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೇಳಗಳ ತಿರುಗಾಟದ ಕಾಲದಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡುವ ಚಾಳಿ ನನಗಿದೆ ಎಂದಾಗ ನಕ್ಕರೇ ಹೊರತು ಬಿಡಿ ಎನ್ನಲಿಲ್ಲ. ಕಾಲಿನ ನೋವಿನ ವಿಷಯ ಬಂದಾಗ, 'ಅದು ನನಗೆ ಗೊತ್ತಾಗುವುದಿಲ್ಲ, ಫಿಸಿಯೋ ಹೇಳಿದ ಹಾಗೆ ಮಾಡುವ' ಎಂದರು. ತನಗೆ ತಿಳಿಯದ್ದನ್ನು ತಿಳಿಯದು ಎನ್ನುವ ತರಬೇತುದಾರರು ಸಿಕ್ಕರೆ ಶುಲ್ಕದ ಚೌಕಾಸಿ ಮಾಡಬಾರದು ಎಂದು ನನಗೆ ಅಂದೇ ಅನ್ನಿಸಿತು.

ಅವರ ಪಟ್ಟಿಯಲ್ಲಿ ವೇಗವಿಲ್ಲ, ನಿಮಿಷಗಳಿವೆ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನವಾಗಿ ವಾರದ ಹೆಚ್ಚಿನ ಓಟವೆಲ್ಲ ಸಾಗಬೇಕು. ಬೆಳಿಗ್ಗೆ ಏಳುವ ಮೊದಲು ನಾಡಿ ಎಣಿಸಿ ವಾಟ್ಸಾಪಿನಲ್ಲಿ ಕಳಿಸಬೇಕು. ಮಾಮೂಲಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಆ ದಿನದ ಕಾರ್ಯಕ್ರಮ ಬದಲಾಗುತ್ತದೆ.

ಕಳೆದ ತಿಂಗಳು ನಮ್ಮ ಕುಟುಂಬದ ಮನೆಯಲ್ಲಿ ರಾತ್ರಿಯಿಡೀ ನಡೆಯುವ ದೈವದ ಕೋಲವಿತ್ತು. ಭಾನುವಾರದ ದೂರದ ಓಟವನ್ನು ಶುಕ್ರವಾರಕ್ಕೆ ಹಾಕಿಕೊಳ್ಳಲೇ ಎಂದು ಕೇಳೋಣವೆಂದು ಫೋನ್ ತೆಗೆದರೆ, ಆ ವಾರದ ಪಟ್ಟಿ ಆಗಲೇ ಬಂದಿತ್ತು. ಶನಿವಾರದ ಎದುರು 'ಕೋಲ' ಎಂದೂ ಭಾನುವಾರದ ಎದುರು 'ಮಲಗಿ' ಎಂದೂ ಬರೆದಿತ್ತು.