ಗ್ರೇಸ್ ಕೊಂದಳಾ, ಇಲ್ವಾ?

'ಏಲಿಯಾಸ್ ಗ್ರೇಸ್' ಅನ್ನುವ ಟೀವಿ ಸರಣಿ ನೋಡಿ ಅಂತ ನಾನು ಯಾರಿಗೇ ಹೇಳಲಿ, ಆರು ಕಂತು ಮುಗಿಸಿದವರು ಕೇಳುವುದು ಒಂದೇ ಪ್ರಶ್ನೆ: "ಕೊನೆಗೂ ಅವಳು ಕೊಂದಳಾ, ಇಲ್ವಾ?" ಮೊನ್ನೆ ತಂಗಿಯೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಇದನ್ನೇ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ಕಂತಿನ ಮಾತೂ ಬರುತ್ತದೆ, ನೋಡದವರು ನೋಡಿಕೊಂಡು ಬನ್ನಿ.

ಕೊಲೆ ನಿಜವಾಗಿ ನಡೆದದ್ದು. 1843ರ ಜುಲೈ, ಕೆನಡಾದ ಟೊರೊಂಟೊದಿಂದ ಸ್ವಲ್ಪ ಉತ್ತರಕ್ಕಿರುವ ರಿಚ್ಮಂಡ್ ಹಿಲ್. ಥಾಮಸ್ ಕಿನ್ನಿಯರ್ ಎಂಬ ಅನುಕೂಲಸ್ಥ, ಅವನ ಮನೆ ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಮಾಂಟ್ಗೊಮೆರಿ, ಇಬ್ಬರೂ ಸತ್ತರು. ಮನೆಗೆಲಸದ ಜೇಮ್ಸ್ ಮೆಕ್‌ಡರ್ಮಟ್ ಮತ್ತು ಗ್ರೇಸ್ ಮಾರ್ಕ್ಸ್ ಗಡಿ ದಾಟಿ ಅಮೆರಿಕಕ್ಕೆ ಓಡಿ, ಅಲ್ಲಿ ಸಿಕ್ಕಿಬಿದ್ದರು. ಐರ್ಲೆಂಡಿನಿಂದ ಹಡಗು ಹತ್ತಿ ಬಂದಿದ್ದ ಗ್ರೇಸ್‌ಗೆ ಆಗ 16 ವರ್ಷ. ನವೆಂಬರ್‌ನಲ್ಲಿ ಮೆಕ್‌ಡರ್ಮಟ್‌ನನ್ನು ಗಲ್ಲಿಗೇರಿಸಿದರು. ಅವಳಿಗೂ ಗಲ್ಲೇ ಆಗಿತ್ತು, ಆಮೇಲೆ ಜೀವಾವಧಿಗೆ ಇಳಿಸಿದರು. ಹೆಚ್ಚುಕಡಿಮೆ 30 ವರ್ಷ ಜೈಲು, ನಡುವೆ ಸ್ವಲ್ಪ ಕಾಲ ಹುಚ್ಚಾಸ್ಪತ್ರೆ. 1872ರಲ್ಲಿ ಕ್ಷಮಾದಾನ ಸಿಕ್ಕಿ ನ್ಯೂಯಾರ್ಕ್ ಕಡೆ ಹೋದಳು. ಅಲ್ಲಿಂದ ಮುಂದೆ ಅವಳ ಸುಳಿವೇ ಇಲ್ಲ.

ಇದನ್ನು ಹಿಡಿದು ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ 1996ರಲ್ಲಿ ಕಾದಂಬರಿ ಬರೆದರು. ದಾಖಲೆ ಗಟ್ಟಿಯಾಗಿದ್ದ ಕಡೆ ಅದನ್ನು ಮುಟ್ಟಲಿಲ್ಲ, ಖಾಲಿ ಇದ್ದ ಕಡೆ ಮಾತ್ರ ಕಲ್ಪಿಸಿದರು. ಜೈಲಿಗೆ ಬಂದು ಗ್ರೇಸ್ ಕಥೆ ಕೇಳುವ ಡಾಕ್ಟರ್ ಜೋರ್ಡನ್ ಹಾಗೆ ಹುಟ್ಟಿದ ಪಾತ್ರ. 2017ರಲ್ಲಿ ಸಾರಾ ಪಾಲಿ ಅದನ್ನು ಟೀವಿಗೆ ಬರೆದರು, ಮೇರಿ ಹ್ಯಾರನ್ ನಿರ್ದೇಶಿಸಿದರು.

ಸರಣಿಯ ಶುರುವಿನ ಕನ್ನಡಿ ದೃಶ್ಯ ನೆನಪಿದೆಯಾ? ಜನ ತನ್ನ ಬಗ್ಗೆ ಏನೇನು ಬರೆದರು ಅಂತ ಗ್ರೇಸ್ ಒಂದೊಂದಾಗಿ ಹೇಳುತ್ತಾಳೆ. ಒಂದೊಂದು ಮಾತಿಗೂ ಗ್ರೇಸ್ ಆಗಿ ನಟಿಸಿದ ಸಾರಾ ಗ್ಯಾಡನ್ ಮುಖ ಒಂಚೂರೇ ಬದಲಾಗುತ್ತದೆ. ಪಾಪದ ಹುಡುಗಿ, ಕಿಲಾಡಿ, ದಡ್ಡಿ, ರಾಕ್ಷಸಿ. ಎಲ್ಲವೂ ಅದೇ ಮುಖದಲ್ಲಿ. ಅಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ ಅನ್ನಿಸುತ್ತದೆ ನನಗೆ. ಗ್ರೇಸ್ ಕೊಂದಳೋ ಇಲ್ಲವೋ ಅಂದು ಯಾರಿಗೂ ಗೊತ್ತಾಗಲಿಲ್ಲ, ಇಂದೂ ಗೊತ್ತಿಲ್ಲ. ಗೊತ್ತಿದೆ ಅಂತ ನಾಟಕವಾಡದೆ ಇದ್ದದ್ದಕ್ಕೇ ಈ ಸರಣಿ ನನಗೆ ಇಷ್ಟ.

ಆದರೆ ತಂಗಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳಿದೆ. ನ್ಯಾನ್ಸಿ ಬಗ್ಗೆ ಯಾಕೆ ಯಾರೂ ಕೇಳುವುದಿಲ್ಲ?

ಇಬ್ಬರಿಗೂ ಶಿಕ್ಷೆಯಾದದ್ದು ಕಿನ್ನಿಯರ್ ಕೊಲೆಗೆ. ಹೇಗೂ ಗಲ್ಲಾಯಿತಲ್ಲ ಅಂತ ನ್ಯಾನ್ಸಿ ಕೊಲೆಯ ವಿಚಾರಣೆಯನ್ನೇ ಮಾಡಲಿಲ್ಲ. ಅವಳು ಬಸುರಿ ಅಂತ ಗೊತ್ತಾದದ್ದು ಹೆಣ ಕೊಯ್ದಾಗ. ಯಜಮಾನನ ಸಾವಿಗೆ ಕೋರ್ಟು ತುಂಬಿತು. ಕೆಲಸದವಳ ಸಾವಿಗೆ ಒಂದು ದಿನವೂ ಸಿಗಲಿಲ್ಲ. ಇದನ್ನು ಓದಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸರಣಿಯಲ್ಲಿ ನ್ಯಾನ್ಸಿಯಾಗಿ ನಟಿಸಿದ ಅನಾ ಪ್ಯಾಕ್ವಿನ್ ಅವಳನ್ನು ಒಳ್ಳೆಯವಳಾಗಿ ಮಾಡಿಲ್ಲ. ಈಗ ನಕ್ಕು ಮಾತಾಡಿದವಳು ಇನ್ನೊಂದು ಗಳಿಗೆಗೆ ಗದರುತ್ತಾಳೆ. ತನ್ನ ಜಾಗ ಯಾವಾಗ ಹೋಗುತ್ತದೋ ಅನ್ನುವ ಹೆದರಿಕೆ ಕಣ್ಣಲ್ಲೇ ಇರುತ್ತದೆ.

ಕೊನೆಯಲ್ಲಿ ಗ್ರೇಸ್ ತನಗಾಗಿ ಒಂದು ಹೊದಿಕೆ ಹೊಲಿಯುತ್ತಾಳೆ. ನಮ್ಮಜ್ಜಿ ಕೌದಿ ಹೊಲಿಯುತ್ತಿದ್ದರು. ಈ ತುಂಡು ನಿಮ್ಮ ದೊಡ್ಡಮ್ಮನ ಸೀರೆ, ಇದು ತೀರಿಹೋದ ಅತ್ತೆಯದು ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಅದಕ್ಕೇ ಇರಬೇಕು, ನನ್ನ ಕಣ್ಣು ಸೀದಾ ಬಟ್ಟೆಗೇ ಹೋಯಿತು. ಮೂರು ತುಂಡು. ಒಂದು ಸತ್ತ ಗೆಳತಿ ಮೇರಿಯ ಒಳಲಂಗದ್ದು. ಒಂದು ಗ್ರೇಸ್ ಜೈಲಿನಲ್ಲಿ ರಾತ್ರಿ ಹಾಕಿಕೊಳ್ಳುತ್ತಿದ್ದ ಉಡುಪಿನದ್ದು. ಇನ್ನೊಂದು ನ್ಯಾನ್ಸಿಯ ಹೂವಿನ ಬಟ್ಟೆ. ಅಷ್ಟು ವರ್ಷವಾದ ಮೇಲೂ ಅದನ್ನು ಬಿಡದೆ ಸೇರಿಸಿ ಹೊಲಿದಿದ್ದಾಳೆ.

ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಗುಲಾಬಿ ಬಣ್ಣದ್ದಾ?" ಅಂದಳು. ಹೌದು, ಅದೇ.