ಲಿಂಫೋಮಾ ರೋಗಿಯ ಫಾರ್ಮ್‌ನಲ್ಲಿ ನಾನು ಮೊದಲು ನೋಡುವುದು ತಾರೀಖು

ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಇರುವ ರೋಗಿಗಳಿಂದ ಜೀವನದ ಗುಣಮಟ್ಟದ ಪ್ರಶ್ನಾವಳಿ ತುಂಬಿಸಿಕೊಳ್ಳುವುದು ನನ್ನ ಕೆಲಸ. ಪೆನ್ನು ಕೊಡು, ಗುರುತು ಹಾಕಿಸು, ಅಂಕ ಕೂಡಿಸು, ಅಷ್ಟೇ ಅಲ್ವಾ ಅಂತ ಕೇಳುವವರಿದ್ದಾರೆ. ಹೊಸದಾಗಿ ಸೇರಿದವರಂತೂ ಯಾವ ಪ್ರಶ್ನಾವಳಿ ಒಳ್ಳೆಯದು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಯಾವ ದಿನ ತುಂಬಿದರು ಅನ್ನೋದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಲಿಂಫೋಮಾಗೆ ಕೊಡುವ, ಹಲವು ಔಷಧಿಗಳು ಸೇರಿದ ಆರ್-ಚಾಪ್ ಕೀಮೋವನ್ನೇ ತಗೊಳ್ಳಿ. ಸಾಮಾನ್ಯವಾಗಿ 21 ದಿನಕ್ಕೊಂದು ಸೈಕಲ್. ಮೊದಲ 5 ದಿನ ಸ್ಟೀರಾಯ್ಡ್ ಮಾತ್ರೆ ಇರುತ್ತದೆ, ಆಗ ಕೆಲವರಿಗೆ ಎಲ್ಲಿಲ್ಲದ ಚುರುಕು, ಆದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಾತ್ರೆ ನಿಂತಿತೋ, ಸುಸ್ತು ಹಿಡಿದುಕೊಳ್ಳುತ್ತದೆ. ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಇಳಿದು, ಎಲ್ಲಿ ಜ್ವರ ಬಂದುಬಿಡುತ್ತದೋ ಅನ್ನುವ ಭಯ. ಮೂರನೇ ವಾರಕ್ಕೆ ಸ್ವಲ್ಪ ಊಟ ಸೇರುತ್ತದೆ, ಓಡಾಡುವಷ್ಟು ಶಕ್ತಿ ಬರುತ್ತದೆ. ಅಷ್ಟರಲ್ಲಿ ಮುಂದಿನ ಕೀಮೋಗೆ ಬರುತ್ತಾರೆ, ನಾವು ಆಗ ಫಾರ್ಮ್ ಕೊಡುತ್ತೇವೆ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ ಕ್ಯೂಎಲ್‌ಕ್ಯೂ-ಸಿ30 (ಚಿಕ್ಕದಾಗಿ ಸಿ30) ಪ್ರಶ್ನಾವಳಿ ಆಗಲಿ, ಲಿಂಫೋಮಾ ರೋಗಿಗಳ ಫ್ಯಾಕ್ಟ್-ಲಿಂಫ್ ಪ್ರಶ್ನಾವಳಿ ಆಗಲಿ, ಎರಡೂ ಹೆಚ್ಚಾಗಿ ಕೇಳುವುದು ಕಳೆದ 7 ದಿನದ ಬಗ್ಗೆ. ಅಂದರೆ ಇಡೀ ಸೈಕಲ್‌ನಲ್ಲಿ ಅವರು ಚೆನ್ನಾಗಿದ್ದ ಒಂದೇ ವಾರವನ್ನು ಹುಡುಕಿ ಅಳೆದ ಹಾಗಾಯಿತು! ಅದಕ್ಕೇ ಫಾರ್ಮ್‌ನ ಮೇಲೆ ತಾರೀಖಿನ ಜೊತೆ ಸೈಕಲ್‌ನ ಎಷ್ಟನೇ ದಿನ ಅಂತಲೂ ಬರೆಯುತ್ತೇನೆ. ಸ್ಕ್ಯಾನ್ ರಿಪೋರ್ಟ್ ಬಂದಿದ್ದರೆ ಡಾಕ್ಟರು ಹೇಳುವ ಮೊದಲೇ ತುಂಬಿಸುತ್ತೇನೆ, ಯಾಕೆಂದರೆ ರಿಪೋರ್ಟ್ ಕೇಳಿದ ಮೇಲೆ ಬರುವ ಉತ್ತರ ಕಳೆದ ವಾರದ್ದಲ್ಲ, ಆ ಕ್ಷಣದ್ದು.

ಪ್ರಶ್ನಾವಳಿಯ ಆಯ್ಕೆ ಮುಖ್ಯವೇ ಅಲ್ಲ ಅಂತಲ್ಲ. ಒಬ್ಬರು ಸಿ30ರ 30 ಪ್ರಶ್ನೆಗೂ ಉತ್ತರಿಸಿ, ಬಹುತೇಕ ಕಡೆ 'ಇಲ್ಲವೇ ಇಲ್ಲ' ಅಂತ ಗುರುತು ಹಾಕಿ ವಾಪಸ್ ಕೊಟ್ಟರು. ಆದರೆ ತುಂಬುವಾಗ ಪೆನ್ನು ಬೆರಳಿಂದ ಜಾರುತ್ತಲೇ ಇತ್ತು, ಅಂಗಿಯ ಮೇಲಿನ ಗುಂಡಿಗಳನ್ನು ಹಾಕಿರಲಿಲ್ಲ. ಕೇಳಿದರೆ, 'ಬೆರಳ ತುದಿ ಜೋಮು, ಗುಂಡಿ ಸಿಗೋದೇ ಇಲ್ಲ' ಅಂದರು. ಆರ್-ಚಾಪ್‌ನಲ್ಲಿರುವ ವಿನ್‌ಕ್ರಿಸ್ಟಿನ್ ಔಷಧಿಯಿಂದ ಹೀಗಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ 30 ಪ್ರಶ್ನೆಗಳಲ್ಲಿ ಜೋಮಿನ ಬಗ್ಗೆ ಒಂದೂ ಇಲ್ಲ. ವೇಗವಾಗಿ ಬೆಳೆಯುವ ನಾನ್-ಹಾಡ್ಜ್‌ಕಿನ್ ಲಿಂಫೋಮಾಗೆಂದೇ ಮಾಡಿದ, ಸಿ30ರ ಜೊತೆ ಕೊಡುವ ಎಚ್‌ಜಿ29 ಪ್ರಶ್ನಾವಳಿಯೂ ಇದ್ದರೆ ಅದು ಸಿಕ್ಕಿಬೀಳುತ್ತದೆ. ಫ್ಯಾಕ್ಟ್-ಲಿಂಫ್‌ನ ಲಿಂಫೋಮಾ ಭಾಗದ 15 ಪ್ರಶ್ನೆಗಳಲ್ಲಿ ಗಡ್ಡೆ, ಜ್ವರ, ರಾತ್ರಿ ಬೆವರು, ತುರಿಕೆ, ಸೋಂಕಿನ ಚಿಂತೆ ಎಲ್ಲ ಇವೆ, ಜೋಮು ಅಲ್ಲೂ ಇಲ್ಲ. ಆದರೆ ಅದರಲ್ಲಿ 'ಮುಂದಿನದ್ದನ್ನು ಯೋಜಿಸುವುದು ಕಷ್ಟ' ಎನ್ನುವ ಅರ್ಥದ ಒಂದು ಸಾಲಿದೆ. ಸ್ಕ್ಯಾನ್ ಪೂರ್ತಿ ಕ್ಲೀನ್ ಆದವರೂ ಅದರ ಮುಂದೆ ದೊಡ್ಡ ಅಂಕ ಹಾಕಿದ್ದನ್ನು ನೋಡಿದ್ದೇನೆ.

ಲೆಕ್ಕ ಹಾಕುವವರಿಗೆ ಒಂದು ಮಾತು. ಸಿ30ರಲ್ಲಿ ಎಲ್ಲವೂ 0ಯಿಂದ 100ಕ್ಕೆ ಬರುತ್ತದೆ, ಆದರೆ ದೈಹಿಕ ಚಟುವಟಿಕೆಯಲ್ಲಿ 80 ಒಳ್ಳೆಯದು, ನೋವಿನಲ್ಲಿ 80 ಕೆಟ್ಟದ್ದು. ಎರಡನ್ನೂ ಒಂದೇ ಚಾರ್ಟ್‌ನಲ್ಲಿ ಹಾಕಿ ಡಾಕ್ಟರ ಮುಂದೆ ಇಡಬೇಡಿ, ದಯವಿಟ್ಟು.

ಇನ್ನು ಖಾಲಿ ಫಾರ್ಮ್‌ಗಳು. ತೀರಾ ಸುಸ್ತಾದವರು, ಐಸಿಯುನಲ್ಲಿ ಇರುವವರು ತುಂಬುವುದಿಲ್ಲ, ಹಾಗಾಗಿ ತುಂಬಿದವರ ಸರಾಸರಿ ಸುಮ್‌ಸುಮ್ನೆ ಮೇಲೇರುತ್ತದೆ. ಕಾಣೆಯಾದದ್ದನ್ನು ಬರೀ 'ಇಲ್ಲ' ಅಂತ ದಾಖಲಿಸಿದರೆ ಮುಂದೆ ಅಂಕಿಅಂಶದವರಿಗೆ ಏನೂ ಮಾಡಲಾಗುವುದಿಲ್ಲ. ಮನೆಯವರು 'ಕೊಡಿ, ನಾವೇ ತುಂಬುತ್ತೇವೆ' ಅನ್ನುತ್ತಾರೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅವರಿಗೆ ವಾಂತಿ ಕಾಣುತ್ತದೆ, ಭಯ ಅಷ್ಟು ಸುಲಭವಾಗಿ ಕಾಣುವುದಿಲ್ಲ. ರೋಗಿಗೆ ಓದಲು ಆಗದಿದ್ದರೆ ನಾನೇ ಪಕ್ಕದಲ್ಲಿ ಕೂತು ಓದಿ, ಅವರು ಹೇಳಿದ್ದಕ್ಕೆ ಗುರುತು ಹಾಕುತ್ತೇನೆ. ಅದೂ ಆಗದಿದ್ದರೆ ಖಾಲಿ ಬಿಟ್ಟು ಕಾರಣ ಬರೆಯುತ್ತೇನೆ: ಜ್ವರವೋ, ಅಡ್ಮಿಟ್ ಆಗಿದ್ದಾರೋ, ಬೇಡ ಅಂದರೋ, ಅಥವಾ ನಾವೇ ಕೊಡುವುದನ್ನು ಮರೆತೆವೋ.