ಹೆರಿಗೆ ಆಯಿತು, ಎಂಎಸ್ ಮತ್ತೆ ಎದ್ದಿತು

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎಲ್ಲರೂ ಎಂಎಸ್ ಅಂತಲೇ ಕರೆಯುತ್ತಾರೆ. ಮೆದುಳು, ಬೆನ್ನುಹುರಿ, ಕಣ್ಣಿನ ನರ, ಇಲ್ಲೆಲ್ಲಾ ನರದ ಎಳೆಗಳ ಮೇಲೆ ಮಯಲಿನ್ ಅನ್ನುವ ಹೊದಿಕೆ ಇರುತ್ತದೆ. ಅದನ್ನು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಹಾಳು ಮಾಡುವ ಕಾಯಿಲೆ ಇದು. ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಕಾಲಿನ ಬಲ ಹೋಗುತ್ತದೆ. ಕೆಲವು ವಾರ ಕಾಡಿ ಇಳಿಯುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಹಾಗೆ ಬರುವುದನ್ನೇ ರಿಲ್ಯಾಪ್ಸ್ ಅನ್ನುತ್ತಾರೆ. ನನಗೆ ಅದು ಬಾಣಂತಿಯಾಗಿದ್ದಾಗ ಬಂತು. ಬಾಣಂತಿಯ ಸುಸ್ತಿನ ಹಿಂದೆ ಈ ಕಾಯಿಲೆ ಎಷ್ಟು ಸುಲಭವಾಗಿ ಅಡಗಿ ಕೂರುತ್ತದೆ ಅಂತ ನನಗೆ ಯಾರೂ ಮುಂಚೆ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಸುರಿಯಾಗಿದ್ದಾಗ, ಅದರಲ್ಲೂ ಕೊನೆಯ ಮೂರು ತಿಂಗಳು, ಎಷ್ಟೋ ವರ್ಷಗಳಿಂದ ಇಲ್ಲದಷ್ಟು ಚೆನ್ನಾಗಿದ್ದೆ. ಜೋಮು ಇಲ್ಲ, ಎಡವುವುದಿಲ್ಲ. ಇದು ನನ್ನೊಬ್ಬಳಿಗೇ ಆದದ್ದಲ್ಲ. 1998ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಯುರೋಪಿನ 12 ದೇಶಗಳ, ಎಂಎಸ್ ಇರುವ 254 ಹೆಂಗಸರನ್ನು ಗಮನಿಸಿದ್ದರು. ಬಸುರಿಯಾಗುವ ಹಿಂದಿನ ವರ್ಷ ಸರಾಸರಿ ಒಬ್ಬರಿಗೆ 0.7 ರಿಲ್ಯಾಪ್ಸ್ ಇತ್ತು. ಕೊನೆಯ ಮೂರು ತಿಂಗಳಲ್ಲಿ ಅದು ವರ್ಷದ ಲೆಕ್ಕದಲ್ಲಿ 0.2ಕ್ಕೆ ಇಳಿಯಿತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಏರಿತು. ಆಮೇಲೆ ಮತ್ತೆ ಹಳೆಯ ಮಟ್ಟಕ್ಕೆ ಬಂತು. ಹೊಟ್ಟೆಯಲ್ಲಿರುವ ಮಗುವನ್ನು ದೇಹ ಹೊರಗಿನದು ಅಂತ ತಿರಸ್ಕರಿಸಬಾರದಲ್ವಾ, ಅದಕ್ಕೆ ಆ ಸಮಯದಲ್ಲಿ ರಕ್ಷಣಾ ವ್ಯವಸ್ಥೆಯ ರೀತಿಯೇ ಬದಲಾಗುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನುಗಳು ಧಡಾರ್ ಅಂತ ಇಳಿಯುತ್ತವೆ, ಎಂಎಸ್ ವಿರುದ್ಧ ಅಲ್ಲಿಯವರೆಗೆ ಸಿಕ್ಕಿದ್ದ ರಕ್ಷಣೆಯೂ ಹೋಗುತ್ತದೆ. ಒಂದು ಮಾತು ಸೇರಿಸಲೇಬೇಕು: ಆ ಅಧ್ಯಯನದಲ್ಲಿ ನೂರಕ್ಕೆ 72 ಹೆಂಗಸರಿಗೆ ಆ ಮೂರು ತಿಂಗಳಲ್ಲಿ ಏನೂ ಆಗಲಿಲ್ಲ. ಈಗ ಬಸುರಿಯಾಗಿರುವವರು ಇದನ್ನು ಓದಿ ಹೆದರಬೇಡಿ. ನಾನು ಉಳಿದ 28ರ ಗುಂಪಿಗೆ ಸೇರಿದೆ, ಅಷ್ಟೇ.

ಶುರುವಾಗಿದ್ದು ಎಡಗೈ ಬೆರಳುಗಳಲ್ಲಿ. ಮಗುವಿನ ಅಂಗಿಯ ಟಿಚ್ ಬಟನ್ ಹಾಕಲು ಆಗುತ್ತಿರಲಿಲ್ಲ. ಬಟನ್ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಆಮೇಲೆ ಹಾಲು ಕುಡಿಸುವಾಗ ಮಗುವಿನ ಮುಖ ನೋಡೋಣ ಅಂತ ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಇದಕ್ಕೆ ಲೆರ್ಮಿಟ್ ಚಿಹ್ನೆ ಅಂತ ಹೆಸರಿದೆ, ಕತ್ತಿನ ಭಾಗದ ಬೆನ್ನುಹುರಿಯಲ್ಲಿ ತೊಂದರೆ ಇದ್ದರೆ ಬರುತ್ತದೆ. ಮಗುವಿನ ಮುಖ ನೋಡುವುದಕ್ಕೂ ಹೆದರಬೇಕಾಗಿ ಬಂದಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಟ್ಟಿತು.

ಮನೆಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಉತ್ತರ ಇತ್ತು. ನಿದ್ದೆ ಸಾಲದು. ರಕ್ತ ಕಮ್ಮಿ ಇರಬೇಕು. ಮಗು ಎತ್ತಿ ಎತ್ತಿ ಕೈ ಹಿಡಿದುಕೊಂಡಿರಬೇಕು. ಅತ್ತೆ ಪ್ರೀತಿಯಿಂದಲೇ ಹೇಳಿದರು, "ನಾವೂ ಮಕ್ಕಳನ್ನು ಸಾಕಿದ್ದೇವಮ್ಮ, ಮೊದಮೊದಲು ಸುಸ್ತು ಇದ್ದದ್ದೇ." ಅವರು ಹೇಳಿದ್ದು ಸುಳ್ಳಲ್ಲ. ಹೆರಿಗೆಯ ನಂತರ ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು ಎಷ್ಟೋ ಜನಕ್ಕೆ ಆಗುತ್ತದೆ. ಆದರೆ ಒಂದು ದಿನ ಮಗುವಿಗೆ ಸ್ನಾನ ಮಾಡಿಸಲು ನೀರು ನೋಡಿದೆ. ಎಡಗೈ ಅದ್ದಿದೆ, ಏನೂ ಗೊತ್ತಾಗಲಿಲ್ಲ. ಬಲಗೈ ಅದ್ದಿದೆ, ಸುಡುತ್ತಿತ್ತು. ಅವತ್ತೇ ನನ್ನ ನರದ ಡಾಕ್ಟರಿಗೆ, ಅಂದರೆ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿದೆ.

ಅವರು ಮೊದಲು ಕೇಳಿದ್ದು ಜ್ವರ ಇದೆಯಾ, ಎದೆ ಗಟ್ಟಿಯಾಗಿ ನೋಯುತ್ತಿದೆಯಾ, ಮೂತ್ರ ಮಾಡುವಾಗ ಉರಿ ಇದೆಯಾ ಅಂತ. ಯಾಕೆಂದರೆ ಮೈ ಬಿಸಿಯಾದರೆ ಹಿಂದೆ ಪೆಟ್ಟು ತಿಂದ ನರಗಳು ತಾತ್ಕಾಲಿಕವಾಗಿ ಇನ್ನಷ್ಟು ಕೆಡುತ್ತವೆ. ವಿಲ್ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ದೈಹಿಕ ಶ್ರಮದಿಂದ ಇಂಥ ರೋಗಿಗಳ ಕಣ್ಣು ತಾತ್ಕಾಲಿಕವಾಗಿ ಮಂಜಾಗುವುದನ್ನು 1890ರಲ್ಲೇ ಬರೆದಿಟ್ಟಿದ್ದಾರೆ. ಬಾಣಂತಿಯರಲ್ಲಿ ಎದೆಯ ಸೋಂಕು, ಮೂತ್ರದ ಸೋಂಕು ಎರಡೂ ಸಾಮಾನ್ಯ. ಹಾಗಾದರೆ ಸೋಂಕಿಗೆ ಔಷಧಿ ಕೊಟ್ಟರೆ ಸಾಕು, ಲಕ್ಷಣಗಳು ತಾವಾಗಿಯೇ ಇಳಿಯುತ್ತವೆ. ಜ್ವರ, ಸೋಂಕು ಏನೂ ಇಲ್ಲದೆ ಹೊಸ ಲಕ್ಷಣವೊಂದು 24 ಗಂಟೆಗಿಂತ ಜಾಸ್ತಿ ಬಿಡದೆ ಇದ್ದರೆ ರಿಲ್ಯಾಪ್ಸ್ ಅಂತ ಅನುಮಾನ ಪಡಬೇಕು. ಈ 24 ಗಂಟೆಯ ಮಾತನ್ನು ಮನೆಯವರೆಲ್ಲರಿಗೂ ಹೇಳಿಟ್ಟಿರಿ. "ಸುಸ್ತಾಗಿದೆ" ಅಂದರೆ ಮಲಗು ಅನ್ನುತ್ತಾರೆ, "ನಿನ್ನೆಯಿಂದ ಕೈಗೆ ಬಿಸಿ ಗೊತ್ತಾಗುತ್ತಿಲ್ಲ" ಅಂದರೆ ಎದ್ದು ಕೂರುತ್ತಾರೆ.

ಎಂಆರ್‌ಐನಲ್ಲಿ ಕತ್ತಿನ ಹತ್ತಿರ ಹೊಸ ಕಲೆ ಕಂಡಿತು. ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ದಿನಕ್ಕೆ ಒಂದು ಗ್ರಾಂ, ಡ್ರಿಪ್‌ನಲ್ಲಿ ಕೆಲವು ದಿನ ಕೊಟ್ಟರು. ಅಲ್ಲಿ ಒಬ್ಬರು "ಇನ್ನು ಎದೆಹಾಲು ನಿಲ್ಲಿಸಿಬಿಡಿ" ಅಂತ ಸಲೀಸಾಗಿ ಹೇಳಿ ಹೋದರು. ನನಗೆ ಅಳು ಬಂತು. ನನ್ನ ನ್ಯೂರಾಲಜಿಸ್ಟ್ ನಿಧಾನವಾಗಿ ಕೂತು ವಿವರಿಸಿದರು: ಈ ಔಷಧಿ ಹಾಲಿಗೆ ಸೇರುವುದು ತೀರಾ ಕಡಿಮೆ, ಡ್ರಿಪ್ ಮುಗಿದ ಮೇಲೆ ಎರಡರಿಂದ ನಾಲ್ಕು ಗಂಟೆ ಬಿಟ್ಟು ಕುಡಿಸಿದರೆ ಇನ್ನೂ ಕಡಿಮೆ. ಎಂಆರ್‌ಐಗೆ ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ಕೊಡುವ ಗ್ಯಾಡೊಲಿನಿಯಂ ಇಂಜೆಕ್ಷನ್ನಿಗೂ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಿಲ್ಲ. ಎದೆಹಾಲು ಕೊಟ್ಟರೆ ರಿಲ್ಯಾಪ್ಸ್ ಜಾಸ್ತಿಯಾಗುವುದಿಲ್ಲ, ಕೆಲವು ಅಧ್ಯಯನಗಳಲ್ಲಿ ಬರೀ ಎದೆಹಾಲು ಕೊಟ್ಟವರಿಗೆ ಸ್ವಲ್ಪ ಕಡಿಮೆಯೇ ಆಗಿದೆ.

ಮುಂದೆ ರಿಲ್ಯಾಪ್ಸ್ ಕಡಿಮೆಯಾಗಲಿ ಅಂತ ತೆಗೆದುಕೊಳ್ಳುವ ಔಷಧಿಯ ವಿಷಯ ಮಾತ್ರ ಹಾಗಲ್ಲ. ಫಿಂಗೋಲಿಮಾಡ್, ಟೆರಿಫ್ಲುನೊಮೈಡ್, ಕ್ಲಾಡ್ರಿಬಿನ್ ತೆಗೆದುಕೊಳ್ಳುವಾಗ ಹಾಲು ಕುಡಿಸಬಾರದು. ಗ್ಲಾಟಿರಾಮರ್, ಇಂಟರ್‌ಫೆರಾನ್ ಬೀಟಾ ತೆಗೆದುಕೊಂಡು ಕುಡಿಸಬಹುದು. ನಾನು ಗ್ಲಾಟಿರಾಮರ್ ಶುರು ಮಾಡಿದೆ. ಕಾಯಿಲೆ ಜೋರಾಗಿದ್ದು ಬಲವಾದ ಔಷಧಿಯೇ ಬೇಕಾಗಿ, ಹಾಲು ಬಿಡಿಸಿ ಅದನ್ನು ಆರಿಸಿಕೊಂಡ ತಾಯಿಯ ಮೇಲೆ ದಯವಿಟ್ಟು ಯಾರೂ ಬೆರಳು ತೋರಿಸಬೇಡಿ. ಆ ಮಗುವಿಗೆ ಮುಂದೆ ಎಷ್ಟೋ ವರ್ಷ ನಡೆದಾಡುವ ಅಮ್ಮ ಬೇಕು.

ಸ್ಟಿರಾಯ್ಡ್ ದಿನಗಳಲ್ಲಿ ನಿದ್ದೆ ಪೂರ್ತಿ ಹೋಯಿತು. ಸಿಟ್ಟು, ಅಳು ಎರಡೂ ಒಟ್ಟಿಗೆ. ಎಂಎಸ್ ಇರುವವರಿಗೆ ಖಿನ್ನತೆ ಬರುವುದು ಜಾಸ್ತಿ, ಬಾಣಂತಿಯರಿಗೂ ಬರುತ್ತದೆ, ಆದ್ದರಿಂದ ಮನಸ್ಸಿನ ವಿಷಯವನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ಮಗುವಿನ ಸ್ನಾನ ಪೂರ್ತಿ ಗಂಡನ ಪಾಲಿಗೆ ಹೋಯಿತು. ಡೈಪರ್ ಬದಲಿಸುವುದು ನೆಲದ ಮೇಲೆ ಚಾಪೆ ಹಾಸಿ, ಅಲ್ಲಿಂದ ಮಗು ಬೀಳುವುದಿಲ್ಲ. ಮಗುವನ್ನು ಎತ್ತಿಕೊಂಡು ನಾನು ಮೆಟ್ಟಿಲು ಹತ್ತುವುದಿಲ್ಲ. ಬಟನ್ ಬದಲು ಜಿಪ್ ಇರುವ ಬಟ್ಟೆ. ಹಾಲು ತೆಗೆದಿಟ್ಟು ರಾತ್ರಿಯ ಒಂದು ಸರದಿ ಅವರೇ ಕುಡಿಸುತ್ತಾರೆ. ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕ ದಿನಕ್ಕೂ ಸಿಗದ ದಿನಕ್ಕೂ ನನ್ನ ಕಾಲಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಈ ಸರದಿಯನ್ನು "ಸಹಾಯ" ಅನ್ನುವುದು ನನಗೆ ಇಷ್ಟವಿಲ್ಲ, ಮಗು ಇಬ್ಬರದೂ.

ನನಗೆ ಬೇಸರ ಇರುವುದು ಒಂದು ವಿಷಯಕ್ಕೆ. ಹೆರಿಗೆಯ ನಂತರ ಹೀಗಾಗಬಹುದು ಅಂತ ನರದ ಡಾಕ್ಟರು ಹೇಳಿರುತ್ತಾರೆ ಎಂದು ಹೆರಿಗೆ ಡಾಕ್ಟರು ಅಂದುಕೊಂಡರು, ಹೆರಿಗೆ ಡಾಕ್ಟರು ಹೇಳಿರುತ್ತಾರೆ ಎಂದು ನರದ ಡಾಕ್ಟರು ಅಂದುಕೊಂಡರು. ಎಂಎಸ್ ಇದ್ದು ಈಗ ಏಳೆಂಟು ತಿಂಗಳ ಬಸುರಿಯಾಗಿದ್ದರೆ ಇಬ್ಬರ ಹತ್ತಿರವೂ ಈಗಲೇ ಕೇಳಿ: ಹೆರಿಗೆಯಾದ ಎಷ್ಟು ದಿನಕ್ಕೆ ಔಷಧಿ ಶುರು ಮಾಡಬೇಕು, ಯಾವ ಔಷಧಿ, ಮೊದಲ ಎಂಆರ್‌ಐ ಯಾವಾಗ, ಹೊಸ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು. ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಗಂಡನ ಕೈಯಲ್ಲೋ ಅಮ್ಮನ ಕೈಯಲ್ಲೋ ಕೊಟ್ಟಿಡಿ. ಆ ದಿನಗಳಲ್ಲಿ ನಿಮಗೆ ಹುಡುಕಿ ಓದುವಷ್ಟು ಪುರುಸೊತ್ತು ಇರುವುದಿಲ್ಲ.